ಮೈಕು ಬಂದಾದರೂ ಅಕ್ಕನ ಕೈ ನಿಲ್ಲದು

ಬೆಳಕು ಹರಿಯುವ ಹೊತ್ತು. ಟಿವಿ ಕೇಂದ್ರದ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಬಿಸಿನೀರಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಾರೆ. ಕುಡಿಯುವುದಕ್ಕಲ್ಲ, ಬೆರಳು ಸಡಿಲವಾಗಲಿ ಎಂದು. ಉಂಗುರ ಬಿಚ್ಚಿ ಪರ್ಸಿಗೆ ಹಾಕಿದ್ದಾರೆ. ಮೈಮೇಲೆ ಚಿತ್ತಾರವಿಲ್ಲದ ಕಪ್ಪು ಅಂಗಿ. ಕೈ ಎದ್ದು ಕಾಣಬೇಕಲ್ಲ. ಬೆಳಗಿನ ಸುದ್ದಿ ಶುರುವಾಗುತ್ತಿದ್ದಂತೆ ಅವರ ಬೆರಳುಗಳು ಮಾತಿಗಿಳಿಯುತ್ತವೆ.

ಪರದೆಯ ಕೆಳಮೂಲೆಯ ಪುಟ್ಟ ಚೌಕದಲ್ಲಿ ನಿಂತು ಸನ್ನೆ ಭಾಷೆಯಲ್ಲಿ ಸುದ್ದಿ ಹೇಳುವವರು ಇವರೇ. ನಾವು ನೀವು ದಿನಾ ನೋಡಿಯೂ ನೋಡಿಲ್ಲ. ಕಿವಿ ಕೇಳಿಸದವರ ಮನೆಗಳಲ್ಲಿ ಮಾತ್ರ ಇವರು 'ಮೂಲೆ ಅಕ್ಕ', ಮನೆಮಗಳ ಹಾಗೆ.

ಅಕ್ಕನ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಪ್ಪ ದರ್ಜಿ. ಬಂದ ನೆಂಟರು ಅವರೆದುರಿಗೇ ಅವರನ್ನು ಆಡಿಕೊಳ್ಳುತ್ತಿದ್ದರಂತೆ. "ಅವನಿಗೇನು ಕೇಳ್ಸುತ್ತೆ ಬಿಡು ಅನ್ನೋರು. ನಾನು ಅದನ್ನೂ ಸೇರಿಸಿ ಅಪ್ಪಂಗೆ ಹೇಳಿಬಿಡ್ತಿದ್ದೆ. ಆಮೇಲಾಮೇಲೆ ನಮ್ಮನೆಗೆ ಬರೋರೇ ಕಮ್ಮಿ ಆದ್ರು," ಎಂದು ನಗುತ್ತಾರೆ. ಅಪ್ಪ ಹಾಕಿದ ಕಟ್ಟಳೆ ಒಂದೇ: ಕಿವಿಗೆ ಬಿದ್ದಷ್ಟನ್ನೂ ಹೇಳಬೇಕು, ಆರಿಸಿ ಹೇಳಬಾರದು.

ಆ ಕಟ್ಟಳೆಯೇ ಕೆಲಸಕ್ಕೆ ಕುತ್ತು ತಂದದ್ದು. ಮಹಾಮಾರಿಯ ಕಾಲ, ಸರ್ಕಾರದ ದಿನದ ಪತ್ರಿಕಾಗೋಷ್ಠಿ. ರೋಗ ಎಲ್ಲಿಂದ ಬಂತು ಎಂಬುದಕ್ಕೆ ಮಂತ್ರಿಗಳು ಒಂದು ಉತ್ತರ ಕೊಟ್ಟು, ಚರ್ಚೆ ಮುಗಿಯಿತು ಎಂದಿದ್ದರು. ಬೇರೆ ಮಾತೆತ್ತಿದವರಿಗೆಲ್ಲ ಗಾಳಿಸುದ್ದಿ ಹಬ್ಬಿಸುವವರು ಎಂಬ ಹಣೆಪಟ್ಟಿ. ಆ ದಿನ ವರದಿಗಾರ್ತಿಯೊಬ್ಬರು ಎದ್ದು, ಪ್ರಾಣಿಯಿಂದಲೋ ಪ್ರಯೋಗಾಲಯದಿಂದಲೋ ಎಂದು ತನಿಖೆಯೇ ಆಗದೆ ತೀರ್ಮಾನ ಹೇಗೆ ಮಾಡಿದಿರಿ ಎಂದು ಕೇಳತೊಡಗಿದರು. ತಕ್ಷಣ ಅವರ ಮೈಕು ಬಂದ್. ಟಿವಿ ಮುಂದಿದ್ದ ನಮಗೆ ಏನೂ ಕೇಳಿಸಲಿಲ್ಲ. ಆಗೆಲ್ಲ ಗೋಷ್ಠಿಗೇ ಹೋಗಿ ವೇದಿಕೆಯ ಮೇಲೆ ಸನ್ನೆ ಮಾಡುತ್ತಿದ್ದ ಅಕ್ಕನಿಗೆ ಮೈಕಿಲ್ಲದೆಯೂ ಕೇಳಿಸುತ್ತಿತ್ತು. ಅವರು ಕೈ ನಿಲ್ಲಿಸಲಿಲ್ಲ. ಮನೆಯಲ್ಲಿ ಕೂತವರ ಪೈಕಿ ಆ ಪ್ರಶ್ನೆ ಪೂರ್ತಿ ತಿಳಿದದ್ದು ಕಿವಿ ಕೇಳಿಸದವರಿಗೆ ಮಾತ್ರ.

ಮರುದಿನ ಚೌಕದಲ್ಲಿ ಬೇರೊಬ್ಬರು. "ರೋಗ ಎಲ್ಲಿಂದ ಬಂತೋ ನಂಗೇನ್ರೀ ಗೊತ್ತು? ಆಯಮ್ಮ ಕೇಳಿದ್ದು ಕಿವಿಗೆ ಬಿತ್ತು, ಹೇಳ್ದೆ. ಅಧಿಕಾರಿಗಳಿಗೂ ಇದನ್ನೇ ಹೇಳ್ದೆ." ಅಧಿಕಾರಿಗಳ ತಲೆಗೆ ಅದು ಹೋಗಲಿಲ್ಲ. ಅಕ್ಕ ಅಪ್ಪನ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿದರು. ಕಿವಿ ಕೇಳಿಸದವರು ಮಾತ್ರ ಸುಮ್ಮನಿರಲಿಲ್ಲ. ಹೊಸಬರ ಸನ್ನೆ ಅರ್ಥವಾಗುತ್ತಿಲ್ಲ, ನಮ್ಮಕ್ಕ ಬೇಕು ಎಂದು ಸಂಸಾರ ಸಮೇತ ಟಿವಿ ಕೇಂದ್ರದ ಗೇಟಿನ ಮುಂದೆ ನಿಂತರು. ಕೊನೆಗೂ ಅಕ್ಕನನ್ನು ಕರೆಸಿಕೊಂಡರು, ಆದರೆ ಷರತ್ತಿನ ಮೇಲೆ. ಇನ್ನು ಸಭೆಗೆ ಹೋಗುವಂತಿಲ್ಲ. ಈ ಮುಚ್ಚಿದ ಕೋಣೆ, ಕಿವಿಗೊಂದು ಇಯರ್‌ಫೋನ್. ಅದರಲ್ಲಿ ಬಂದದ್ದಷ್ಟೇ ಹೇಳಬೇಕು. ಮತ್ತೆ ಹೆಚ್ಚುಕಮ್ಮಿಯಾದರೆ ಮನೆಗೆ.

ಅಕ್ಕನ ಬಗ್ಗೆ ಬರೆಯಲೆಂದು ನಾನು ಬಂದ ಈ ಬೆಳಿಗ್ಗೆಯೇ ರೋಗದ ಮೂಲದ ಬಗ್ಗೆ ಸರ್ಕಾರಿ ಸಮಿತಿಯ ವರದಿ ಹೊರಬೀಳುತ್ತಿದೆ. ಪತ್ರಿಕಾಗೋಷ್ಠಿಯ ನೇರಪ್ರಸಾರ. ಅದೇ ವರದಿಗಾರ್ತಿ ಎದ್ದು ನಿಲ್ಲುತ್ತಾರೆ. ತುಟಿ ಆಡುತ್ತಿದೆ, ಧ್ವನಿ ಇಲ್ಲ. ಬಾಗಿಲಲ್ಲಿ ನಿಂತ ಮೇಲ್ವಿಚಾರಕರ ಕಣ್ಣು ಅಕ್ಕನ ಕೈಮೇಲೆ. ಅಕ್ಕ ನಿಧಾನವಾಗಿ ಕೈ ಎತ್ತುತ್ತಾರೆ. ಏನು ಹೇಳಿದಿರೆಂದು ಆಮೇಲೆ ಕೇಳಿ ತಿಳಿದುಕೊಂಡೆ: 'ಒಬ್ಬರು ಪ್ರಶ್ನೆ ಕೇಳುತ್ತಿದ್ದಾರೆ. ಧ್ವನಿ ನಿಂತಿದೆ. ನನಗೂ ಕೇಳಿಸುತ್ತಿಲ್ಲ.' ಕಿವಿಗೆ ಬಂದದ್ದು ಮೌನ, ಹೇಳಿದ್ದೂ ಅದನ್ನೇ. ಇದರಲ್ಲಿ ತಪ್ಪೇನು ಹುಡುಕುವುದು? ಮೇಲ್ವಿಚಾರಕರು ತಲೆ ಕೆರೆದುಕೊಂಡು ಹೊರಟುಹೋಗುತ್ತಾರೆ. ನನಗಂತೂ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ.

ಹೊರಗೆ ಬಂದು ಅಕ್ಕ ಫೋನ್ ತೆಗೆದರೆ ಕಿವಿ ಕೇಳಿಸದವರು ಕಳಿಸಿದ ವಿಡಿಯೊಗಳ ಸಾಲು. ಧ್ವನಿ ಬಂದ್ ಮಾಡಿದ ಪುಣ್ಯಾತ್ಮರು ಚಿತ್ರ ಬಂದ್ ಮಾಡುವುದನ್ನು ಮರೆತಿದ್ದಾರೆ! ಜೀವಮಾನವಿಡೀ ತುಟಿ ನೋಡಿಯೇ ಮಾತು ಹಿಡಿಯುವ ಜನರಿಗೆ ಅಷ್ಟು ಸಾಕಾಗಿದೆ. ಒಬ್ಬರಿಗೆ ಪ್ರಶ್ನೆಯ ಮೊದಲರ್ಧ ಸಿಕ್ಕಿದೆ, ಇನ್ನೊಬ್ಬರಿಗೆ ಕೊನೆ. ಕೊನೆಯ ವಿಡಿಯೊದಲ್ಲಿ ಹೊಲಿಗೆ ಯಂತ್ರದ ಪಕ್ಕ ನಿಂತು ಅಪ್ಪ ಎಲ್ಲವನ್ನೂ ಜೋಡಿಸಿ ಸನ್ನೆಯಲ್ಲಿ ಹೇಳುತ್ತಿದ್ದಾರೆ. ಅಕ್ಕ ನನಗಾಗಿ ಬಾಯಿಬಿಟ್ಟು ಹೇಳುತ್ತಾರೆ: "ಸಮಿತಿಯಲ್ಲಿ ಸರ್ಕಾರದವರನ್ನು ಬಿಟ್ಟು ಒಬ್ಬ ವಿಜ್ಞಾನಿಯೂ ಯಾಕಿಲ್ಲ?"

ಅಕ್ಕನ ಕಣ್ಣು ತುಂಬಿದೆ, ಮುಖ ಅರಳಿದೆ. "ಇಷ್ಟು ವರ್ಷ ನಾನು ಅವ್ರಿಗೆ ಹೇಳ್ತಿದ್ದೆ. ಇವತ್ತು ಅವ್ರು ನಂಗೆ ಹೇಳಿದ್ರು ನೋಡಿ. ನನ್ನ ಬಗ್ಗೆ ಬರೀದಿದ್ರೂ ಪರವಾಗಿಲ್ಲ, ಆ ಪ್ರಶ್ನೇನ ಮಾತ್ರ ಪೂರ್ತಿ ಬರೀರಿ."