ಮೆಟ್ಟಿಲು ಹತ್ತಿಸಿದ ಭಜಿ ಕಾಕಾ

ಅವರ ಎರಡೂ ಮುಂಗೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಎಣ್ಣೆ ಸಿಡಿದು ಆದ ಚುಕ್ಕೆಗಳಿದ್ದವು. ಹಳೆಯವು ಬೆಳ್ಳಗಾಗಿದ್ದವು, ಇತ್ತೀಚಿನವು ಇನ್ನೂ ಕಂದು ಬಣ್ಣಕ್ಕಿದ್ದವು. "ಉರಿಯೂದಿಲ್ಲೇನ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ. "ಮೊದಲಿನ ಹತ್ತ ವರ್ಷ ಉರೀತರಿ. ಆಮ್ಯಾಲ ಎಣ್ಣಿಗೇ ಬ್ಯಾಸರಾತು," ಎಂದಿದ್ದರು.

ಬನಹಟ್ಟಿಯಲ್ಲಿ ಮಗ್ಗಗಳ ಓಣಿ ಮುಗಿದು ಪೇಟೆ ಶುರುವಾಗುವ ಜಾಗದಲ್ಲಿ ಅವರ ಅಂಗಡಿ. ರಾತ್ರಿ ಪಾಳಿ ಮುಗಿಸಿದ ನೇಕಾರರು ತಲೆಗೂದಲಲ್ಲಿ ನೂಲಿನ ಎಳೆಗಳನ್ನು ಸಿಕ್ಕಿಸಿಕೊಂಡೇ ಬರುತ್ತಿದ್ದರು. ಅವರಿಗಾಗಿ ಬೆಳಗಿನ ಐದಕ್ಕೇ ಒಲೆ ಹೊತ್ತಿರುತ್ತಿತ್ತು. ಹಿಟ್ಟು ಕಲಸುವುದು, ಚಟ್ನಿ ರುಬ್ಬುವುದು ಅವರ ಹೆಂಡತಿಯ ಪಾಲು. ಊರಿಗೆಲ್ಲ ಅವರು ಭಜಿ ಕಾಕಾ, ಈಕೆ ಕಾಕಿ. ಅಷ್ಟು ದೊಡ್ಡ ಬಾಣಲೆಯ ಮುಂದೆ ನಿಂತ ಮನುಷ್ಯ ಒಣಗಿದ ತೊಗರಿ ಕಟ್ಟಿಗೆಯ ಹಾಗೆ ಸಣಕಲು. ತಾವು ಕರಿದ ಭಜಿಯನ್ನು ತಾವು ತಿನ್ನುತ್ತಿರಲಿಲ್ಲ. ಒಂದು ಜೋಳದ ರೊಟ್ಟಿ, ಒಂದು ಲೋಟ ಮಜ್ಜಿಗೆ, ಮುಗಿಯಿತು. ರುಚಿ ಹೇಗೆ ಗೊತ್ತಾಗುತ್ತದೆ ಎಂದರೆ, "ತಿನ್ನಾವ್ರ ಮಾರಿ ನೋಡ್ತೇನ್ರಿ. ಮಾರಿ ಸುಳ್ಳ ಹೇಳೂದಿಲ್ಲ," ಎಂದು ಬೆಂಚಿನ ಮೇಲಿದ್ದವರ ಮುಖ ತೋರಿಸುತ್ತಿದ್ದರು.

ನಾನು ಸರ್ವೇ ಇಲಾಖೆಯವನು. ಹರೆಯದಲ್ಲಿ ಸರಪಳಿ ಹಿಡಿದು ತೇರದಾಳದಿಂದ ಬಾಡಗಂಡಿಯವರೆಗೆ ಎಷ್ಟು ಹೊಲಗಳ ಬದು ತುಳಿದೆನೋ ಲೆಕ್ಕವಿಲ್ಲ. ಆಮೇಲೆ ಬಡ್ತಿ ಬಂತು, ಕುರ್ಚಿ ಬಂತು, ಕಂಪ್ಯೂಟರ್ ಬಂತು, ಹೊಟ್ಟೆಯೂ ಬಂತು. ನಲವತ್ತೆಂಟು ತುಂಬುವ ಹೊತ್ತಿಗೆ ಬೂಟಿನ ಲೇಸು ಕಟ್ಟಲು ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು.

ಆ ವರ್ಷ ಮಹಾಲಿಂಗಪುರದ ಹತ್ತಿರ ಅಣ್ಣತಮ್ಮಂದಿರಿಬ್ಬರ ಗಡಿ ತಕರಾರು ವಿಪರೀತಕ್ಕೆ ಹೋಗಿ ನಾನೇ ಸ್ಥಳಕ್ಕೆ ಹೋಗಬೇಕಾಯಿತು. ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟವರು. ಕಬ್ಬಿನ ಹೊಲದ ಅಂಚಿಗೆ ನೀರಿನ ಕಾಲುವೆ, ಒಂದು ಜಿಗಿತದಷ್ಟು ಅಗಲ. ನಾನು ಜಿಗಿಯಲು ಹೋದೆ. ಒಂದು ಕಾಲು ಆಚೆ ದಂಡೆಗೆ ಮುಟ್ಟಿತು, ಇನ್ನೊಂದು ಬರಲಿಲ್ಲ. ಕೆಸರಲ್ಲಿ ಸೊಂಟದವರೆಗೆ ಕೂತುಬಿಟ್ಟೆ. ಅಣ್ಣ ಒಂದು ರಟ್ಟೆ ಹಿಡಿದ, ತಮ್ಮ ಇನ್ನೊಂದು. "ನೀ ಈ ಕಡೆ ಎತ್ತೋ," ಎಂದ ಅಣ್ಣ. "ನೀ ಮೊದಲ ಗಟ್ಟಿ ಹಿಡಿ," ಎಂದ ತಮ್ಮ. ಆರು ವರ್ಷಗಳಲ್ಲಿ ಅವರು ಆಡಿದ ಮೊದಲ ಮಾತುಗಳು ಅವು. ನನ್ನನ್ನು ಬೇವಿನ ಮರದ ನೆರಳಿಗೆ ಕೂರಿಸಿ, "ಸಾಹೇಬ್ರ, ನೀವ ಇಲ್ಲೇ ಕುಂಡ್ರಿ. ನಾವ ಅಳದು ಬಂದು ಹೇಳ್ತೀವಿ," ಎಂದು ಇಬ್ಬರೂ ಟೇಪು ಹಿಡಿದು ಹೊರಟರು. ತಕರಾರು ಅಂದೇ ಬಗೆಹರಿಯಿತು. ಮನೆಗೆ ಬಂದು ಹೇಳಿದಾಗ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ನನ್ನ ಹೊಟ್ಟೆ ನೋಡಿ, "ಆದ್ರ ಇದಕ್ಕೇನರ ಮಾಡ್ರಿ," ಎಂದಳು.

ಆಗಷ್ಟೇ ಕಾಕಾನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಬೋರ್ಡು ಬಂದಿತ್ತು: ಹೈ ಇಂಟೆನ್ಸಿಟಿ ಗ್ರೂಪ್ ಟ್ರೇನಿಂಗ್. ನಡೆಸುವವಳು ಮುಧೋಳ ಕಡೆಯ ಹುಡುಗಿ, ಕಾಲೇಜಿನಲ್ಲಿ ಖೋಖೋ ಆಡಿ ಹೆಸರು ಮಾಡಿದವಳು. ನಲವತ್ತು ಸೆಕೆಂಡು ಇದ್ದಷ್ಟೂ ಶಕ್ತಿ ಹಾಕಿ ಜಿಗಿಯುವುದು, ಬಗ್ಗುವುದು, ಇಪ್ಪತ್ತು ಸೆಕೆಂಡು ನಿಲ್ಲುವುದು, ಮತ್ತೆ ಜಿಗಿಯುವುದು. ಗಂಡಸರು ಹೆಂಗಸರು ಸೇರಿ ಇಪ್ಪತ್ತು ಜನ ಒಟ್ಟಿಗೆ ಜಿಗಿದರೆ ಕೆಳಗೆ ಕಾಕಾನ ಮಾಳಿಗೆಯಿಂದ ಸುಣ್ಣದ ಹುಡಿ ಉದುರುತ್ತಿತ್ತು. ಮೊದಲ ದಿನ ಹಿಟ್ಟಿನ ಪಾತ್ರೆಗೇ ಬಿತ್ತಂತೆ. ಕಾಕಾ ಸೌಟು ಹಿಡಿದುಕೊಂಡೇ ಜಗಳಕ್ಕೆ ಮೇಲೆ ಹೋದವರು ಸುಮ್ಮನೆ ಇಳಿದು ಬಂದು ಒಲೆಯ ಮೇಲ್ಗಡೆ ತಾಡಪತ್ರಿ ಕಟ್ಟಿದರು. ಯಾಕೆಂದು ಕೇಳಿದರೆ, "ಏನ್ ಮಾಡ್ಲಿರಿ? ತಿರುಗಿ ಬಯ್ಯಾಕ ಒಬ್ಬರ ಕಡೇನೂ ಉಸರ ಇದ್ದಿಲ್ಲ," ಎಂದರು.

ನಾನು ಬೂಟು ಕೊಂಡೆ, ಟ್ರ್ಯಾಕ್ ಪ್ಯಾಂಟು ಕೊಂಡೆ. ಬೆಳಗಿನ ಐದೂಮುಕ್ಕಾಲಿಗೆ ಮನೆ ಬಿಟ್ಟು ಆ ಮೆಟ್ಟಿಲ ಬುಡಕ್ಕೆ ಬಂದು ನಿಂತೆ. ಮೇಲಿನಿಂದ ಸೀಟಿ, ಹಾಡು, ದಬದಬ ಸದ್ದು. ನನ್ನ ಆಫೀಸಿನ ಹುಡುಗರು ಇದ್ದರೆ? ಅಷ್ಟು ಹೆಂಗಸರ ಮುಂದೆ ಬಿದ್ದರೆ? ಎದೆಗೇನಾದರೂ ಆದರೆ? ನಿಂತಲ್ಲೇ ಮನಸ್ಸು ಹತ್ತು ಸಲ ಹತ್ತಿ ಇಳಿಯಿತು. ಕಡೆಗೆ ಕಾಲು ಎಡಕ್ಕೆ ತಿರುಗಿ ಕಾಕಾನ ಬೆಂಚಿಗೆ ಬಂತು. ಒಂದು ತಾಟು ಮಿರ್ಚಿ ಭಜಿ ತಿಂದೆ. ಖಾರಕ್ಕೆ ಹಣೆ, ಕುತ್ತಿಗೆ ಎಲ್ಲ ಬೆವರು. ಮನೆಗೆ ಹೋದಾಗ ಹೆಂಡತಿ ಆ ಬೆವರು ನೋಡಿ, "ಭಾಳ ತ್ರಾಸಾತೇನ್ರಿ?" ಎಂದು ಫ್ಯಾನು ಹಾಕಿ ನಿಂಬೆ ಪಾನಕ ಕೊಟ್ಟಳು. ನಾನು ಕುಡಿದೆ.

ಹೀಗೆ ಹನ್ನೊಂದು ದಿನ.

ಕಾಕಾ ಏನೂ ಕೇಳಲಿಲ್ಲ. ಹನ್ನೆರಡನೆಯ ದಿನ ನಾನೇ ತಡೆಯಲಾರದೆ ಕೇಳಿದೆ: "ಕಾಕಾ, ನಾ ಮ್ಯಾಲ ಹೋಗ್ಲ್ಯೋ ಬ್ಯಾಡೋ?"

ಅವರು ಬಾಣಲೆಯಿಂದ ಕಣ್ಣು ತೆಗೆಯದೆ, "ಡಾಕ್ಟರಿಗಿ ತೋರ್ಸೀರೇನು?" ಎಂದರು.

"ಇಲ್ಲ."

"ಹಂಗಾರ ಇವತ್ತ ಬ್ಯಾಡ. ನಮ್ಮಣ್ಣ ಐವತ್ತನೇ ವರ್ಷಕ್ಕ ಒಮ್ಮಿಂದೊಮ್ಮೆಲೆ ಹುರುಪಿಗಿ ಬಂದು ಹುಡುಗರ ಜೋಡಿ ಓಡಾಕ ಹೋದ. ನಾಕನೇ ದಿನಾ ದವಾಖಾನಿ ಸೇರಿದ. ಉಳದಾನ್ರಿ, ಉಳದು ಈಗ ಮನ್ಯಾಗ ಎಲ್ಲಾರ್ನೂ ಬೈಕೋತ ಕುಂತಾನ." ಒಂದು ಚೂರು ಹಿಟ್ಟನ್ನು ಬೆರಳಿಂದ ಎಣ್ಣೆಗೆ ಬಿಟ್ಟರು. ಅದು ತಳಕ್ಕೆ ಹೋಗಿ, ತಡೆದು, ಮೇಲೆ ಬಂತು. "ಮೂವತ್ತೈದ ವರ್ಷಾತು, ಇನ್ನೂ ನಾ ಮೊದಲ ಒಂದ ಹನಿ ಬಿಟ್ಟ ನೋಡ್ತೇನಿ. ಎಣ್ಣಿ ಹ್ಯಾಂಗೈತಿ ಅಂತ ದೂರ ನಿಂತ ವಿಚಾರ ಮಾಡಿದ್ರ ತಿಳಿಯೂದಿಲ್ಲ. ಇಡೀ ಪಾತೇಲಿ ಹಿಟ್ಟ ಸುರವೂದೂ ಶಾಣ್ಯಾತನ ಅಲ್ಲ."

ಅಂದೇ ಜಮಖಂಡಿಗೆ ಹೋದೆ. ಡಾಕ್ಟರು ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿಸಿದರು. ಬಿಪಿ ತುಸು ಮೇಲಿತ್ತು, ಹೃದಯ ಸರಿಯಿತ್ತು. "ಹೋಗ್ರಿ. ಆದ್ರ ಮೊದಲಿನ ತಿಂಗಳು ಅವರ ಹೇಳಿದ್ದರಾಗ ಅರ್ಧಾ ಮಾಡ್ರಿ. ಯಾರ ಜೋಡಿನೂ ಜಿದ್ದಿಗಿ ಬೀಳಬ್ಯಾಡ್ರಿ. ಎದಿ ಬಿಗಿದ್ರ, ತಲಿ ತಿರುಗಿದ್ರ ಅಲ್ಲೇ ನಿಂದರ್ರಿ," ಎಂದರು.

ಈಗ ನೆಪ ಒಂದೂ ಉಳಿಯಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಮತ್ತೆ ಅದೇ ಬೆಂಚಿಗೆ ಹೋಗಿ ಕೂತೆ. "ಡಾಕ್ಟರ ಏನಂದ್ರು?" ಎಂದರು ಕಾಕಾ. ಹೇಳಿದೆ. ಅವರು ನನ್ನ ಮುಂದಿಟ್ಟಿದ್ದ ತಾಟನ್ನು ತಿರುಗಿ ಎತ್ತಿಕೊಂಡರು.

"ಇವತ್ತ ನಿಮಗ ಭಜಿ ಇಲ್ರಿ."

ಬೆಂಚಿನ ಮೇಲಿದ್ದ ನೇಕಾರರು ತಿನ್ನುವುದು ಬಿಟ್ಟು ನೋಡಿದರು. ನನಗೆ ಅವಮಾನವಾಯಿತು. "ಯಾಕ ಕಾಕಾ, ನಾ ಗಿರಾಕಿ ಅಲ್ಲೇನು?"

ಕಾಕಾ ಬಗ್ಗಿ, ನನಗೊಬ್ಬನಿಗೇ ಕೇಳುವ ಹಾಗೆ, ಮೆಲ್ಲಗೆ ಹೇಳಿದರು: "ಸಾಹೇಬ್ರ, ನೀವ ಹನ್ನೆರಡ ದಿನದಿಂದ ಭಜಿ ತಿನ್ನಾಕ ಬಂದಿಲ್ಲ. ನಿಮ್ಮ ಮಾರಿ ನೋಡೇನಿ ನಾ. ಮನಿಗಿ ಸುಳ್ಳ ಒಯ್ಯಾಕ ಬರಾಕತ್ತೀರಿ. ನನ್ನ ಭಜಿಗಿ ಆ ಕೆಲಸಾ ಹಚ್ಚಬ್ಯಾಡ್ರಿ."

ಅವರು ಸೌಟನ್ನು ಕಾಕಿಯ ಕೈಗೆ ಕೊಟ್ಟು, ಕೈ ಒರೆಸಿಕೊಂಡು, "ಏಳ್ರಿ, ನಾನೂ ಬರ್ತೇನಿ," ಎಂದು ನನ್ನ ಭುಜ ಹಿಡಿದು ಎಬ್ಬಿಸಿದರು. ಹತ್ತೊಂಬತ್ತು ಮೆಟ್ಟಿಲು. ಅವರು ಮುಂದೆ, ನಾನು ಹಿಂದೆ. ಬಾಗಿಲಲ್ಲಿ ಆ ಹುಡುಗಿ ನಮ್ಮನ್ನು ನೋಡಿ, "ಕಾಕಾ, ಮತ್ತ ಜಗಳಕ್ಕ ಬಂದ್ರ್ಯಾ?" ಎಂದಳು.

"ಇಲ್ಲವಾ, ಒಬ್ಬ ಗಿರಾಕಿನ್ನ ಕೊಟ್ಟ ಹೋಗಾಕ ಬಂದೇನಿ. ಡಾಕ್ಟರ್ ಅರ್ಧಾ ಮಾಡಾಕ ಹೇಳ್ಯಾರ. ಪೂರಾ ಮಾಡ್ಸಿದಿ ಅಂದ್ರ ಮಾತ್ರ ಜಗಳಾ ಐತಿ."

ಹುಡುಗಿ ನಕ್ಕು ನನ್ನನ್ನು ಹಿಂದಿನ ಸಾಲಿನಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರ ಪಕ್ಕ ನಿಲ್ಲಿಸಿದಳು. ಎಲ್ಲರೂ ಜಿಗಿದಾಗ ನಾನು ಬರೀ ಹಿಮ್ಮಡಿ ಎತ್ತಿದೆ. ಎಲ್ಲರೂ ನೆಲಕ್ಕೆ ಕೈಯೂರಿದಾಗ ನಾನು ಗೋಡೆಗೆ ಕೈಯೂರಿದೆ. ನಾಲ್ಕನೆಯ ಸುತ್ತಿಗೆ ತೊಡೆಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಕಾಕಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪ್ರತಿ ಇಪ್ಪತ್ತು ಸೆಕೆಂಡಿನ ವಿರಾಮದಲ್ಲೂ "ಛಲೋ ನಡದೈತ್ರಿ!" ಎಂದು ಕೂಗುತ್ತಿದ್ದರು. ಪಕ್ಕದ ಶಿಕ್ಷಕಿ ಏದುಸಿರಿನಲ್ಲೇ, "ಮೊದಲ್ನೇ ದಿನಾ ನಾ ಎಂಟ ನಿಮಿಷಕ್ಕ ಕುಂತಿದ್ದೆ," ಎಂದರು. ನಾನು ಹನ್ನೆರಡು ನಿಮಿಷಕ್ಕೆ ಕೂತೆ. ಕೂತವನು ಮಲಗಿದೆ. ಯಾರೂ ನಗಲಿಲ್ಲ, ನೋಡಲೂ ಇಲ್ಲ. ಅವರವರ ಉಸಿರು ಅವರವರಿಗೆ ದೊಡ್ಡದಾಗಿತ್ತು. ಆದರೆ ನಾನೇ ನಕ್ಕೆ. ನೆಲದ ಮೇಲೆ ಅಂಗಾತ ಬಿದ್ದುಕೊಂಡು, ಎದೆ ಡಬಡಬ ಹೊಡೆದುಕೊಳ್ಳುವಾಗ, ಚಿಕ್ಕಂದಿನಲ್ಲಿ ಓಡಿ ಓಡಿ ಸುಸ್ತಾಗಿ ಬೀಳುತ್ತಿದ್ದ ಖುಷಿ ಎಲ್ಲಿಂದಲೋ ಬಂದುಬಿಟ್ಟಿತು.

ಅಂದು ಮನೆಗೆ ಹೋಗಿ ಹೆಂಡತಿಗೆ ಹನ್ನೆರಡು ದಿನದ ಮಿರ್ಚಿಯ ಕಥೆ ಪೂರ್ತಿ ಹೇಳಿದೆ. ಅವಳು ಬೈದಳು, ಆಮೇಲೆ ನಕ್ಕಳು. ಸಂಜೆ ತಾನೇ ಅಂಗಡಿಗೆ ಹೋಗಿ ಕಾಕಾನಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಬಂದಳು.

ನಿಜವಾದ ಮೋಜು ಆಮೇಲೆ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಒಂದು ಬೆಳಿಗ್ಗೆ ಕಾಕಿ ಹಿಟ್ಟಿನ ಕೈ ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, "ನಾನೂ ಒಂದ ಹನಿ ಬಿಟ್ಟ ನೋಡ್ತೇನಿ," ಎಂದು ಮೇಲೆ ಹೊರಟುಬಿಟ್ಟರು. ಕಾಕಾ ಬಾಯಿ ತೆರೆದು ನಿಂತರು. "ಅಲ್ಲ, ಚಟ್ನಿ?" ಎಂದರು. "ನೀವ ರುಬ್ರಿ," ಎಂಬ ಉತ್ತರ ಮೆಟ್ಟಿಲ ಮೇಲಿನಿಂದ ಬಂತು. ಮೂವತ್ತೈದು ವರ್ಷ ಹಿಟ್ಟು ನಾದಿದ ಆ ತೋಳುಗಳ ಮುಂದೆ ನಾವು ಯಾರೂ ನಿಲ್ಲಲಿಲ್ಲ. ಒಂದೇ ತಿಂಗಳಲ್ಲಿ ಕಾಕಿ ಮೊದಲ ಸಾಲಿಗೆ ಹೋದರು. ಸೀರೆಯಲ್ಲೇ. ಕೆಳಗೆ ಆ ಮುಕ್ಕಾಲು ತಾಸು ಕಾಕಾ ಒಬ್ಬರೇ ಹಿಟ್ಟು, ಒಲೆ, ಚಟ್ನಿ ಎಲ್ಲ ನೋಡಿಕೊಂಡು ಒದ್ದಾಡುತ್ತಿದ್ದರು. ಚಟ್ನಿಗೆ ಒಂದು ದಿನ ಉಪ್ಪೇ ಇಲ್ಲ, ಒಂದು ದಿನ ಎರಡು ಸಲ. ಯಾರಾದರೂ ತಕರಾರು ಎತ್ತಿದರೆ ಸೌಟಿನಿಂದ ಮಾಳಿಗೆ ತೋರಿಸಿ, "ಮಾಲಕರು ಮ್ಯಾಲ ಅದಾರ, ಅವರಿಗಿ ಹೇಳ್ರಿ," ಎನ್ನುತ್ತಿದ್ದರು. ಆ ಮಾತಿನಲ್ಲಿದ್ದ ಹೆಮ್ಮೆ ನೇಕಾರರಿಗೂ ಗೊತ್ತಾಗುತ್ತಿತ್ತು. ಮೇಲಿನಿಂದ ಇಳಿದವರಿಗೆಂದು ಮೊಳಕೆ ಹೆಸರಿಗೆ ನಿಂಬೆಹಣ್ಣು ಹಿಂಡಿ ಕೊಡುವುದನ್ನೂ ಶುರು ಮಾಡಿದರು. ನನಗೆ ಶನಿವಾರ ಮಾತ್ರ ಎರಡು ಮಿರ್ಚಿ. ಮೂರನೆಯದನ್ನು ಕೇಳಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹೋದ ವರ್ಷ ಕಾಕಾನಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಯಿತು. ಇನ್ನು ಒಲೆಯ ಮುಂದೆ ನಿಲ್ಲುವುದು ಬೇಡವೆಂದು ಮಗಳು ಬಂದು ಇಬ್ಬರನ್ನೂ ಬೀಳಗಿಗೆ ಕರೆದುಕೊಂಡು ಹೋದಳು. ಕಾಕಿ ಅಲ್ಲಿ ಸುಮ್ಮನೆ ಕೂತಿಲ್ಲ. ಓಣಿಯ ಹೆಂಗಸರನ್ನೆಲ್ಲ ಮಗಳ ಮನೆಯ ಮಾಳಿಗೆ ಮೇಲೆ ಸೇರಿಸಿ ಸೀಟಿ ಊದಿ ಜಿಗಿಸುತ್ತಾರಂತೆ. ಕಾಕಾನ ಪಾಲಿಗೆ ಬಂದಿರುವ ಕೆಲಸ ಮೊಬೈಲು ನೋಡಿ ಸೆಕೆಂಡು ಎಣಿಸುವುದು.

ರವಿವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಆರಾಮ ಅದೀರ್ಯಾ, ಮಳಿ ಆತೇನು, ಇವು ಯಾವುವೂ ಮೊದಲಿಲ್ಲ. ನಾನು ಎತ್ತಿದ ಕೂಡಲೇ, "ಸಾಹೇಬ್ರ, ಈ ವಾರ ಎಷ್ಟ ದಿನಾ ಹೋದ್ರಿ?" ಎಂದು ಕೇಳುತ್ತಾರೆ. ಐದು ಎಂದರೆ, "ಭೇಷ್" ಎಂದು ಊರ ಸುದ್ದಿಗೆ ಇಳಿಯುತ್ತಾರೆ. ಕೆಲವು ವಾರ ಎರಡೇ ದಿನ ಹೋಗಿರುತ್ತೇನೆ. ಐದು ಎಂದು ಹೇಳಿಬಿಡುವುದು ಎಷ್ಟು ಸುಲಭ! ಬೀಳಗಿಯಲ್ಲಿ ಕೂತವರಿಗೆ ನನ್ನ ಮುಖವೂ ಕಾಣುವುದಿಲ್ಲ.

"ಎರಡ ದಿನಾ ಕಾಕಾ," ಎನ್ನುತ್ತೇನೆ.

ಎದುರಿಗೇ ಕೂತು ನಕ್ಕಂತೆ, ಕಾಕಾ ಹೇಳುತ್ತಾರೆ: "ಖರೇ ಹೇಳಿದ್ರಿ. ಹಂಗಾರ ನಾಳಿ ಹೋಗ್ತೀರಿ."

ಮರುದಿನ ನಾನು ಹೋಗುತ್ತೇನೆ.