ಸರಿಯಾಗಿದೆ ಅಂತ ಬರೆದೂ ಬರೆದೂ

ಮದ್ದೂರಿನ ಹತ್ತಿರದ ಒಂದು ಸಕ್ಕರೆ ಕಾರ್ಖಾನೆ. ಸರ್ವರ್ ಕೆಟ್ಟು ಕಬ್ಬಿನ ತೂಕ ನಿಂತಿತ್ತು. ರಿಪೇರಿಗೆ ಹೋದ ನನಗೆ ಗೇಟಲ್ಲೇ ಟ್ರ್ಯಾಕ್ಟರಿನವನೊಬ್ಬ, “ಬಿಸ್ಲಲ್ಲಿ ಕಬ್ಬು ಒಣಗ್ತಾ ಅದೆ, ಬಿರ್‍ನೆ ನೋಡಣ್ಣೋ” ಅಂದ.

ನೋಡಿದರೆ ಡಿಸ್ಕ್ ತುಂಬ ಲಾಗ್, ಅಂದರೆ ಸರ್ವರಿನ ದಿನಚರಿ. ಪ್ರತಿ ಕೆಲಸ ಮುಗಿದಾಗಲೂ ಸರ್ವರ್ ‘ಸರಿಯಾಗಿ ಮುಗಿಯಿತು’ ಅಂತ ಪುಟಗಟ್ಟಲೆ ಬರೆದಿಟ್ಟು ಜಾಗ ತಿಂದುಹಾಕಿತ್ತು. ಹಾಗೆ ಬರೆಸಿದ್ದು ಮ್ಯಾನೇಜರು.

“ಇದನ್ನ ಯಾರು ಓದ್ತಾರೆ ಸಾರ್?”

“ಯಾರೂ ಓದಲ್ಲ. ಮೇಲಿನವ್ರು ಕೇಳುದ್ರೆ ಇರ್ಬೇಕಲ್ಲ.”

ಹಳೆಯದನ್ನು ಅಳಿಸಿ, ಕೆಲಸ ಕೆಟ್ಟಾಗ ಮಾತ್ರ ಬರೆಯುವ ಹಾಗೆ ಮಾಡಿದೆ. ತೂಕ ಶುರುವಾಯಿತು. ಮ್ಯಾನೇಜರ ಮುಖ ಮಾತ್ರ ಬಾಡಿತು.

“ಅದು ಏನೂ ಬರೀದಿದ್ರೆ ಎಲ್ಲಾ ಸರಿಯಾಗೇ ಅದೆ ಅಂತ ನಂಗೆಂಗ್ ಗೊತ್ತಾಗ್ಬೇಕು?”

ಬಿಡಲೇ ಇಲ್ಲ. ಈಗ ಆ ಸರ್ವರ್ ದಿನಾ ಒಂದು ಸಾಲು ಬರೆಯುತ್ತದೆ: ‘ಇವತ್ತು ಬರೆಯುವಂಥದ್ದೇನೂ ಇಲ್ಲ.’ ಮ್ಯಾನೇಜರು ಅದನ್ನು ಪ್ರಿಂಟು ತೆಗೆಸಿ, ಸೀಲು ಹೊಡೆಸಿ, ಓದದೆ ಸಹಿ ಹಾಕುತ್ತಾರೆ.