ಅಮಾವಾಸ್ಯೆಯಂದು ಹೊತ್ತದ ಭಟ್ಟಿ

ಕಳೆದ ವರ್ಷ ತಿಕೋಟಾದಿಂದ ಫೋನ್ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಸ್ಟೇಷನ್ ರಸ್ತೆಯ ಹಿಂದೆ ನಮ್ಮ ಮನೆ. ಅದಕ್ಕೆ ಹೊಂದಿಕೊಂಡೇ, ಸ್ಟೀಲಿನ ಸಾಮಾನು ಕಾಯಿಸಿ ಗಟ್ಟಿ ಮಾಡುವ ಯಜಮಾನರ ಹೀಟ್ ಟ್ರೀಟ್‌ಮೆಂಟ್ ಅಂಗಡಿ. ಲಗ್ನವಾದಾಗಿನಿಂದ ಭಟ್ಟಿ ನೋಡಿಕೊಳ್ಳುವುದೂ ನನ್ನ ಕೆಲಸವೇ. ದ್ರಾಕ್ಷಿಗೆ ಔಷಧಿ ಹೊಡೆಯುವಾಗ ಪಂಪು ತಿರುಗಿಸುವ, ನಾವು ಗಟ್ಟಿ ಮಾಡಿಕೊಟ್ಟ ಶಾಫ್ಟ್ ಮುರಿದು, ಟ್ರ್ಯಾಕ್ಟರ್ ಡ್ರೈವರ್ ಇಸ್ಮಾಯಿಲನ ಬಲಗೈಗೆ ಬಡಿದಿತ್ತು. ತವೆಯ ಮೇಲಿನ ರೊಟ್ಟಿ ಹೊತ್ತಿಹೋಯಿತು.

ಮುಂಗೈ ಉಳಿಯಲಿಲ್ಲ. ಜೀವ ಉಳಿಯಿತಲ್ಲ ಎಂದು ಸಿದ್ಧೇಶ್ವರನಿಗೆ ಕೈಮುಗಿದೆ.

ಆಸ್ಪತ್ರೆಯಲ್ಲಿ ಅವನ ಮಾಲೀಕರು, ಬಬಲೇಶ್ವರದ ಗೌಡರು, ಮುರಿದ ತುಂಡು ಹಿಡಿದು ನಿಂತಿದ್ದರು. "ಕ್ಲಚ್ ಧಡ್ ಅಂತ ಬಿಟ್ಟಾನ್ರಿ ಇವ. ಇಲ್ಲಾಂದ್ರ ಹೊಸಾ ಶಾಫ್ಟ್ ಮುರೀತೈತೇನ್ರಿ? ಇನ್ನ ನನ್ನ ಕಡೆ ಕೆಲಸ ಇಲ್ಲ ಇವಗ."

ಇಸ್ಮಾಯಿಲ್ ನನ್ನ ಕಡೆ ತಿರುಗಿದ. "ಸಾವಕಾಶ ಬಿಟ್ಟಿದ್ನಿರಿ ವೈನಿ. ಲಗ್ನದಾಗ ಒಂದ ತುತ್ತು ತಿನಿಸಿದ್ಲು ಹೆಂಡ್ತಿ. ಇನ್ನ ದಿನಾ ತಿನಸಬೇಕು." ನಗಲು ನೋಡಿದ, ಆಗಲಿಲ್ಲ.

ಯಜಮಾನರು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುರಿದ ಜಾಗದ ನಡುಭಾಗ ಹೊಸದಾಗಿ ಹೊಳೆಯುತ್ತಿತ್ತು. ಅಂಚಿನಲ್ಲಿ ಉಗುರಗಲ ಕಪ್ಪು. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಅಲಾಯ್ ಸ್ಟೀಲನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದರ ಒಳರಚನೆ ಸೂಜಿ ಸೂಜಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಷ್ಟೇ ಕಾಣುವ ಈ ರಚನೆಗೆ ಮಾರ್ಟೆನ್ಸೈಟ್ ಎನ್ನುತ್ತಾರೆ. ಬಲು ಗಟ್ಟಿ, ಆದರೆ ಗಾಜಿನಂತೆ ಒಡೆಯುವಂಥದ್ದು, ಒಳಗೆಲ್ಲ ಬಿಗಿತ. ಪೂರ್ತಿ ತಣ್ಣಗಾಗುವ ಮೊದಲೇ ಮತ್ತೆ ಭಟ್ಟಿಗಿಟ್ಟು ಹದವಾಗಿ ಕಾಯಿಸಬೇಕು. ಅದೇ ಟೆಂಪರಿಂಗ್. ಆಗ ಬಿಗಿತ ಸಡಿಲಾಗಿ ಸ್ಟೀಲು ಪೆಟ್ಟು ತಾಳುತ್ತದೆ. ತಡವಾದರೆ ಇಟ್ಟಲ್ಲೇ ಸೀಳುವುದುಂಟು.

ಆ ಶಾಫ್ಟನ್ನು ಎಣ್ಣೆಗಿಳಿಸಿದ್ದು ಅಮಾವಾಸ್ಯೆಯ ಹಿಂದಿನ ಸಂಜೆ. ಅಮಾವಾಸ್ಯೆಗೆ ಭಟ್ಟಿ ಹೊತ್ತಿಸದೆ, ಪೂಜೆ ಮಾಡಿ ಕಾಯಿ ಒಡೆಯುವುದು ಮಾವನವರ ಕಾಲದ ರೂಢಿ. ಹೀಗಾಗಿ ಟೆಂಪರಿಂಗ್ ಒಂದು ದಿನ ಕಳೆದು ಆಯಿತು. ಅಷ್ಟರಲ್ಲಿ ಕೂದಲೆಳೆಯಂಥ ಸೀಳು ಬಿಟ್ಟಿತ್ತು. ಆಮೇಲೆ ಭಟ್ಟಿಯ ಕಾವಿಗೆ ಆ ಸೀಳಿನ ಒಳಮೈ ಕಪ್ಪಾಗಿತ್ತು. ಡ್ರೈವರ್ ಅದನ್ನು ಮುಟ್ಟುವ ಮೊದಲೇ ಶಾಫ್ಟ್ ಕೆಟ್ಟಿತ್ತು.

ಯಜಮಾನರು ತುಂಡನ್ನು ಮತ್ತೊಮ್ಮೆ ತಿರುವಿ ನೋಡಿದರು. ನಾನು ಮೆಲ್ಲಗೆ, "ಹೇಳ್ರಿ. ಕೈ ಅಂತೂ ಹೋತು, ಅವನ ಹೆಸರಾದ್ರೂ ಉಳೀಲಿ" ಎಂದೆ.

"ಗೌಡ್ರ, ಇವಂದು ತಪ್ಪಿಲ್ರಿ," ಎಂದರು. "ಈ ಕರೀದು ನೋಡ್ರಿ. ಇದು ನನ್ನ ಭಟ್ಟೀದು."

ಗೌಡರು ಇಸ್ಮಾಯಿಲನನ್ನು ತೋಟ ಕಾಯಲು ಇಟ್ಟುಕೊಂಡರು. ನಮ್ಮ ಅಂಗಡಿಗೆ ಆ ಕಡೆಯ ಕೆಲಸ ನಿಂತೇಹೋಯಿತು. ಅವನ ಕೆಲಸವೊಂದನ್ನಾದರೂ ದೇವರು ಉಳಿಸಿಕೊಟ್ಟ ಎಂದುಕೊಂಡೆ.

ಮುಂದಿನ ಅಮಾವಾಸ್ಯೆಗೆ ಯಜಮಾನರು ಪೂಜೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. "ಎಣ್ಯಾಗಿಂದ ತಗದ ಮಾಲ ಐತಿ. ಏನ ಮಾಡೂಣು?"

"ಹೊತ್ತಸ್ರಿ. ದೇವರು ಒಂದ ಗಳಿಗಿ ತಡದಾನು, ಸ್ಟೀಲು ತಡಿಯಂಗಿಲ್ಲ."

ಭಟ್ಟಿ ಹೊತ್ತಿದ ಸದ್ದಾಯಿತು. ನಾನು ಹೂರಣ ರುಬ್ಬಲು ಕುಳಿತೆ. ಇಸ್ಮಾಯಿಲನ ಮನೆಗೂ ಹೋಳಿಗೆ ಕಳಿಸುವುದಿತ್ತು.